ಮೀನಿನ ಕಟ್ಲೆಟ್ಟಿಗೆ ಕಿತ್ತಳೆಯ ನಾರು
(ಸುವರ್ಣ ಮಹೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ಮಾತನಾಡುತ್ತೇನೆಂದು ನೀವು ಕಾದಿರಬಹುದು. ಆದರೆ ನಾನು ಹೇಳಹೊರಟಿರುವುದು ಮೀನಿನ ಕಟ್ಲೆಟ್ ವಿಷಯ.

ಲಾಕ್‌ಡೌನ್ ಮುಗಿದ ಮೇಲೆ ನಮ್ಮ ತಾಯಿ ಮತ್ತು ಅವರ ಸಂಘದ ಹೆಂಗಸರು ಹೋಂಸ್ಟೇಗಳಿಗೆ ಕಟ್ಲೆಟ್ ಮಾಡಿ ಕೊಡತೊಡಗಿದರು. ಸಾಲ ಮಾಡಿ ಫ್ರೀಜರ್ ತಂದರು. ಒಂದು ಸಲ 200 ಕಟ್ಲೆಟ್ ವಾಪಸ್ ಬಂತು. ಹೆಪ್ಪು ಬಿಟ್ಟಾಗ ನೀರು ಸುರಿದು, ಎಣ್ಣೆಗೆ ಬಿಟ್ಟ ಕೂಡಲೇ ಪುಡಿಯಾಯಿತಂತೆ. "ಇಷ್ಟೆಲ್ಲ ಓದಿದ್ದೀಯಲ್ಲ ಮಗಾ, ಇದು ಯಾಕೆ ಹೀಗಾಗ್ತದೆ ಹೇಳು" ಎಂದರು ಅಮ್ಮ. ನನಗೆ ಗೊತ್ತಿರಲಿಲ್ಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜೇ ಇದೆ. ಬಿಇ ಸೇರುವಾಗ ನಾನು ಅತ್ತ ತಿರುಗಿಯೂ ನೋಡಿರಲಿಲ್ಲ.

ಓದಿದಾಗ ತಿಳಿದದ್ದು ಇಷ್ಟು. ಹಸಿ ಮೀನನ್ನು ಉಪ್ಪು ಹಾಕಿ ತಣ್ಣಗೆ ಅರೆದರೆ ಅದರ ಪ್ರೋಟೀನ್ ಕರಗಿ ಅಂಟಾಗುತ್ತದೆ. ಬಿಸಿ ತಾಗಿದಾಗ ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತದೆ. ನಾವೋ ಮೀನನ್ನು ಮೊದಲೇ ಬೇಯಿಸಿ ಬಿಡಿಸುತ್ತಿದ್ದೆವು. ಬೆಂದ ಮೇಲೆ ಆ ಬಲೆ ಹೊಸದಾಗಿ ಕಟ್ಟುವುದಿಲ್ಲ. ಅಂಟಿಗಾಗಿ ಹಾಕಿದ ಆಲೂಗಡ್ಡೆಯೂ ಹೆಪ್ಪುಗಟ್ಟಿ ಕರಗುವಾಗ ನೀರು ಬಿಡುತ್ತದೆ. ಜಪಾನಿನವರು 1960ರ ಸುಮಾರಿಗೆ ಸಕ್ಕರೆ ಬೆರೆಸಿ ಮೀನಿನ ಪ್ರೋಟೀನ್ ಹಿಮದಲ್ಲಿ ಕೆಡದಂತೆ ಮಾಡಿದರು. ಅದೇ ಹೆಪ್ಪುಗಟ್ಟಿಸಿದ ಸುರಿಮಿ. ನಮ್ಮ ಸಂತೆಯಲ್ಲಿ ಕಿಳಿಮೀನು ಎನ್ನುತ್ತಾರಲ್ಲ, ಅದರಿಂದ ಇಂದು ನಮ್ಮ ಕರಾವಳಿಯಲ್ಲೂ ಸುರಿಮಿ ತಯಾರಾಗಿ ಹೊರದೇಶಕ್ಕೆ ಹೋಗುತ್ತದೆ.

ಕಟ್ಲೆಟ್ ಸಿಹಿಯಾದರೆ ಯಾರು ತಿನ್ನುತ್ತಾರೆ? ಹಾಗಾಗಿ ನಾರಿನ ಕಡೆ ಬಂದೆ. ಮೀನಿನಲ್ಲಿ ನಾರಿನಂಶವೇ ಇಲ್ಲ. ಗೋಧಿ, ಬಟಾಣಿ, ಕಿತ್ತಳೆಯ ನಾರನ್ನು ಮೀನಿನ ಪದಾರ್ಥಗಳಿಗೆ ಬೆರೆಸಿ ನೋಡಿದವರು ಹೊರಗೆ ಬಹಳ ಮಂದಿ ಇದ್ದಾರೆ. ನಮ್ಮ ಕಾಫಿ ತೋಟದ ನಡುವೆ ಉಳಿದಿರುವ ನಾಲ್ಕು ಕಿತ್ತಳೆ ಗಿಡಗಳ ಸಿಪ್ಪೆ ಸುಮ್ಮನೆ ಗೊಬ್ಬರದ ಗುಂಡಿ ಸೇರುತ್ತಿತ್ತು. ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಮೂರು ಸಲ ಕುದಿಸಿ, ನೀರು ಚೆಲ್ಲಿ, ಒಣಗಿಸಿ ಪುಡಿ ಮಾಡಿದೆವು.

ಮೊದಲ ಸಲ ಪುಡಿಯನ್ನು ಒಣದಾಗಿಯೇ ಹಾಕಿ ಕೆಟ್ಟೆವು. ಅದು ಮೀನಿನ ನೀರನ್ನೇ ಹೀರಿ ಕಟ್ಲೆಟ್ ಗಡುಸಾಯಿತು. ಆಮೇಲೆ ನೆನೆಸಿ ಹಾಕಿದೆವು. ಕಿಲೋ ಹಸಿ ಮೀನಿಗೆ 20 ಗ್ರಾಂ ಉಪ್ಪು, 30 ಗ್ರಾಂ ಪುಡಿ. ಹೆಪ್ಪು ಬಿಡಿಸಿ ತೂಗಿದರೆ, ಮೊದಲು 200 ಗ್ರಾಮಿಗೆ 18 ಗ್ರಾಂ ನೀರು ಹೋಗುತ್ತಿದ್ದದ್ದು 7ಕ್ಕೆ ಇಳಿದಿತ್ತು. ಆಸೆ ಹೆಚ್ಚಾಗಿ 60 ಗ್ರಾಂ ಹಾಕಿದೆವು. ಮತ್ತೆ ಪುಡಿಪುಡಿ! ನಾರು ಜಾಸ್ತಿಯಾದರೆ ಪ್ರೋಟೀನಿನ ಎಳೆಗಳ ನಡುವೆಯೇ ಅಡ್ಡ ನಿಂತು ಬಲೆ ಹೆಣೆಯಲು ಬಿಡುವುದಿಲ್ಲ.

ಇದಕ್ಕೆ ಬೇಕಾದದ್ದು ಅಡಿಗೆಮನೆಯ ತಕ್ಕಡಿ, ಒಂದು ನೋಟ್ ಪುಸ್ತಕ. ಒಮ್ಮೆಗೆ ಒಂದನ್ನೇ ಬದಲಿಸಿ ಬರೆದಿಡುವುದನ್ನು ಇದೇ ಶಾಲೆಯ ವಿಜ್ಞಾನದ ಮೇಷ್ಟ್ರು ಕಲಿಸಿದ್ದರು. ಆಫೀಸಿನಲ್ಲಿ ಪ್ರೋಗ್ರಾಮಿನ ತಪ್ಪು ಹುಡುಕುವಾಗಲೂ ನಾನು ಮಾಡುವುದು ಅದನ್ನೇ.

ಈಗ ಆ ಹೋಂಸ್ಟೇಯವರು ಮತ್ತೆ ತೆಗೆದುಕೊಳ್ಳುತ್ತಿದ್ದಾರೆ. ಫ್ರೀಜರಿನ ಕಂತು ಇನ್ನೂ 5 ತಿಂಗಳು ಇದೆ. ಕಿತ್ತಳೆಯ ಕಹಿ ಮಾತ್ರ ಪೂರ್ತಿ ಹೋಗಿಲ್ಲ. ಹಸಿಮೆಣಸು, ಶುಂಠಿ ಹಾಕಿ ಮುಚ್ಚಿದ್ದೇವೆ. ಬಾಳೆದಿಂಡಿನ ನಾರಿನಲ್ಲಿ ಆಗುತ್ತದೆಯೋ ನೋಡಬೇಕು ಎನ್ನುತ್ತಿದ್ದಾರೆ ಅಮ್ಮ. ಹತ್ತನೇ ತರಗತಿಯ ಮಕ್ಕಳು ಯಾರಾದರೂ ಭಾನುವಾರ ಮನೆಗೆ ಬಂದರೆ ತೂಗಿ ನೋಡೋಣ. ತಿನ್ನುವ ಕೆಲಸವೂ ಇದೆ.