ಕೊನೆಯ ಮಾತು ಯಾರದು?

(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಫಲಕದ ಮೇಲೆ ಬರೆದಾಗ ಕೆಲವು ಮಿತ್ರರು ಹುಬ್ಬು ಗಂಟಿಕ್ಕಿದರು. ಓದಲು ಬರುವ ಜಾಗದಲ್ಲಿ ಸಾವಿನ ಮಾತು ಏಕೆ ಎಂದರು. ನಮ್ಮ ಮನೆಗಳಲ್ಲಿ ಯಾರಾದರೂ ಸಾವಿನ ಮಾತೆತ್ತಿದರೆ "ಬಿಡ್ತು ಅನ್ನು" ಎಂದು ಹಿರಿಯರು ಗದರಿಸುವುದುಂಟು. ಗದರಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ವಿಷಯ ಬಂದಾಗ ದಿಲ್ಲಿಯ ಪಾರ್ಲಿಮೆಂಟೂ ಅಜ್ಜಿಯಂತೆ "ಬಿಡ್ತು" ಎಂದು ಕುಳಿತರೆ ಏನಾಗುತ್ತದೆ? ಆಗ ಕೋರ್ಟು ಕಾಯದೆ ಮಾಡಬೇಕಾಗುತ್ತದೆ. ದಾದಿಯರು ಕುಟುಂಬವಾಗಬೇಕಾಗುತ್ತದೆ. ಅದರ ಕಥೆಯನ್ನೇ ನಾವು ಇಂದು ಹೇಳಬೇಕೆಂದಿದ್ದೇವೆ.

ಕಥೆ ನಮಗೆ ದೂರದ್ದಲ್ಲ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಹಳದೀಪುರದಲ್ಲಿ 1948ರಲ್ಲಿ ಹುಟ್ಟಿದ ಅರುಣಾ ರಾಮಚಂದ್ರ ಶಾನಭಾಗ ಎಂಬ ಹುಡುಗಿ, ನಮ್ಮಲ್ಲಿ ಎಷ್ಟೋ ಜನರ ತಂದೆತಾಯಂದಿರು ಬಂದಂತೆಯೇ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದಳು. ಪರೇಲಿನ ಕೆ.ಇ.ಎಮ್. ದವಾಖಾನೆಯಲ್ಲಿ ನರ್ಸಾದಳು. ಮದುವೆಯೂ ನಿಶ್ಚಯವಾಗಿತ್ತು. 1973ರ ನವೆಂಬರ 27ರ ಸಂಜೆ ಅದೇ ದವಾಖಾನೆಯ ಒಬ್ಬ ಕಸಗುಡಿಸುವ ನೌಕರ ನಾಯಿಯ ಸರಪಳಿಯನ್ನು ಅವಳ ಕೊರಳಿಗೆ ಬಿಗಿದು ಅತ್ಯಾಚಾರವೆಸಗಿದ. ಮರುದಿನ ಬೆಳಿಗ್ಗೆ ಅವಳು ಸಿಕ್ಕಾಗ ಉಸಿರಿತ್ತು. ಮೆದುಳಿಗೆ ಹೋಗಬೇಕಾದ ಪ್ರಾಣವಾಯು ಮಾತ್ರ ತಡೆದು ಹೋಗಿ, ಮಾತು ಹೋಗಿತ್ತು, ನೋಟ ಹೋಗಿತ್ತು. ಅಪರಾಧಿಗೆ ಹಲ್ಲೆ ಮತ್ತು ಸುಲಿಗೆಗಾಗಿ ಏಳು ವರುಷದ ಸಜೆಯಾಯಿತು. ಅವನು ಸಜೆ ಮುಗಿಸಿ ಹೊರಬಿದ್ದ. ಅರುಣಾ ಹಾಸಿಗೆಯಿಂದ ಏಳಲಿಲ್ಲ.

ಆ ಹಾಸಿಗೆಯ ಮೇಲೆ ಅವಳು ನಲವತ್ತೊಂದು ವರುಷಕ್ಕೂ ಮೇಲ್ಪಟ್ಟು ಇದ್ದಳು. ತಂದೆತಾಯಿ ತೀರಿಹೋದರು. ಬಂಧುಗಳು ಬರುವುದು ಕಡಿಮೆಯಾಯಿತು. ಅವಳಿಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಮಗ್ಗುಲು ಬದಲಿಸಿ, ಗಂಜಿಯೂಡಿದವರು ಅದೇ ದವಾಖಾನೆಯ ದಾದಿಯರು. ಅವಳ ಜೊತೆಗೆ ಕೆಲಸ ಮಾಡಿದವರು ನಿವೃತ್ತರಾಗಿ, ಅವಳನ್ನು ನಡೆದಾಡಿದ್ದು ಕಂಡೇ ಇರದ ಹೊಸ ಹುಡುಗಿಯರು ಬಂದರು. ಅವರೂ ಮಾಡಿದರು. ಇಷ್ಟು ವರುಷ ಮಲಗಿದ್ದರೂ ಅವಳ ಮೈಮೇಲೆ ಒಂದು ಹಾಸಿಗೆಹುಣ್ಣು ಇರಲಿಲ್ಲವೆಂಬುದು ಸುಪ್ರೀಮ್ ಕೋರ್ಟಿನ ತೀರ್ಪಿನಲ್ಲಿಯೇ ದಾಖಲಾಗಿದೆ. ಮನೆಯಲ್ಲಿ ಮೂರು ತಿಂಗಳು ಹಾಸಿಗೆ ಹಿಡಿದವರ ಸೇವೆ ಮಾಡಿದವರಿಗೆ ಈ ಒಂದು ವಾಕ್ಯದ ತೂಕ ಗೊತ್ತು.

2009ರಲ್ಲಿ ಪತ್ರಕರ್ತೆ ಪಿಂಕಿ ವಿರಾಣಿ ಅವರು ಸುಪ್ರೀಮ್ ಕೋರ್ಟಿಗೆ ಹೋದರು. ಅರುಣೆಯ ವಿಷಯವಾಗಿ ಪುಸ್ತಕ ಬರೆದವರು ಇವರೇ. ಇದು ಬದುಕಲ್ಲ, ಅವಳಿಗೆ ಉಣಿಸುವುದನ್ನು ನಿಲ್ಲಿಸಿ ಶಾಂತವಾಗಿ ಹೋಗಗೊಡಿಸಬೇಕು ಎಂದು ಅವರ ಕೇಳಿಕೆ. ದಾದಿಯರೂ ದವಾಖಾನೆಯ ಮುಖ್ಯರೂ ಒಲ್ಲೆವೆಂದರು. ಎರಡೂ ಪಕ್ಷದಲ್ಲಿ ದುಷ್ಟರು ಯಾರೂ ಇಲ್ಲವೆಂಬುದನ್ನು ಗಮನಿಸಬೇಕು. ಆಸ್ತಿಗೆ ಕಣ್ಣು ಹಾಕಿದವರಿಲ್ಲ, ಬೇಸತ್ತವರಿಲ್ಲ. ಒಬ್ಬರ ಕರುಣೆ ಬಿಟ್ಟುಕೊಡು ಎಂದಿತು, ಇನ್ನೊಬ್ಬರ ಕರುಣೆ ಬಿಡಲಾರೆ ಎಂದಿತು. ಇಂಥ ಖಟ್ಲೆಯೇ ಬಲು ಕಠಿಣ.

ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನಸುಧಾ ಮಿಶ್ರಾ ಅವರು ಅವಸರ ಮಾಡಲಿಲ್ಲ. ಮುಂಬಯಿಯ ಮೂವರು ವೈದ್ಯರನ್ನು ನೇಮಿಸಿ ಪರೀಕ್ಷೆ ಮಾಡಿಸಿದರು. ಅರುಣೆಯ ಮೆದುಳು ಪೂರ್ತಿ ಸತ್ತಿಲ್ಲ, ಅವಳು ಉಸಿರಾಟಕ್ಕೆ ಯಂತ್ರವನ್ನು ಅವಲಂಬಿಸಿಲ್ಲ, ಆದರೆ ಸುತ್ತಣ ಲೋಕದ ಅರಿವಿದೆಯೆಂಬುದಕ್ಕೆ ಖಚಿತ ಗುರುತೂ ಇಲ್ಲ ಎಂಬುದು ವರದಿಯ ಸಾರ. 2011ರ ಮಾರ್ಚ್ 7ರಂದು ತೀರ್ಪು ಬಂತು. ಅರ್ಜಿ ವಜಾ ಆಯಿತು. ಅವಳ ಪರವಾಗಿ ಮಾತಾಡುವ ಹಕ್ಕು ಪುಸ್ತಕ ಬರೆದವರಿಗಲ್ಲ, ಅಷ್ಟು ವರುಷ ಹಗಲಿರುಳು ನೋಡಿಕೊಂಡ ದವಾಖಾನೆಯ ಸಿಬ್ಬಂದಿಗೆ ಎಂದು ಕೋರ್ಟು ಹೇಳಿತು. ಉಣಿಸಿದವರೇ ಬಂಧುಗಳು ಎಂದಂತಾಯಿತು. ಕಾನೂನಿನ ಪುಸ್ತಕದಲ್ಲಿ ಇಂಥ ಮಾತು ದಿನವೂ ಕಾಣಸಿಗುವುದಿಲ್ಲ.

ಅದೇ ತೀರ್ಪಿನಲ್ಲಿ ಇನ್ನೊಂದು ಸಂಗತಿ ಇತ್ತು. ಚುಚ್ಚುಮದ್ದು ಕೊಟ್ಟು ಕೊಲ್ಲುವುದು ಅಪರಾಧವಾಗಿಯೇ ಉಳಿಯಿತು. ಆದರೆ ಗುಣವಾಗುವ ಆಸೆಯಿಲ್ಲದ ರೋಗಿಯಿಂದ ಜೀವಧಾರಕ ಚಿಕಿತ್ಸೆಯನ್ನು ಹಿಂತೆಗೆಯಬಹುದು. ಅದಕ್ಕೆ ಹೈಕೋರ್ಟಿನ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಅಪ್ಪಣೆ ಬೇಕು, ಮೂವರು ವೈದ್ಯರ ಅಭಿಪ್ರಾಯ ಬೇಕು ಎಂದು ಗೊತ್ತುಮಾಡಿದರು. ಪಾರ್ಲಿಮೆಂಟು ಕಾಯದೆ ಮಾಡುವವರೆಗೆ ಇದೇ ಕಾಯದೆ ಎಂದರು. "ಮಾಡುವವರೆಗೆ" ಎಂಬ ಆ ಪದವನ್ನು ದಯವಿಟ್ಟು ನೆನಪಿನಲ್ಲಿಡಿ.

ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡಳು. ಕೆ.ಇ.ಎಮ್. ಮುಂಬಯಿ ಮಹಾನಗರಪಾಲಿಕೆಯ ದವಾಖಾನೆ. ಎಂದರೆ ಇಷ್ಟು ವರುಷ ಅವಳ ಅನ್ನ ಔಷಧದ ವೆಚ್ಚ ಊರಿನವರ ತೆರಿಗೆಯಿಂದ ಬಂತು. ಇದು ಕೀರ್ತಿಯ ಮಾತೇ ಸರಿ. ಆದರೆ ಇಂಥ ಆರೈಕೆ ಅವಳಿಗೆ ಕಾಯದೆಯಿಂದ ಬಂದ ಹಕ್ಕಾಗಿರಲಿಲ್ಲ, ದಾದಿಯರ ಪ್ರೀತಿಯಿಂದ ಬಂದದ್ದು. ಅವಳ ಹಾಗೆಯೇ ಮಲಗಿದ, ಆದರೆ ದವಾಖಾನೆಯ ನೌಕರಳಲ್ಲದ ಒಬ್ಬ ಮುದುಕಿಗೆ, ಕಟ್ಟಡದ ಕೆಲಸದಲ್ಲಿ ಬಿದ್ದ ಒಬ್ಬ ಕೂಲಿಗೆ ಏನು ಗತಿ? ಇದನ್ನು ಕೋರ್ಟು ಹೇಳಲಾರದು. ಕೋರ್ಟಿಗೆ ನಳಿಗೆ ಇಡಿ ಅಥವಾ ತೆಗೆಯಿರಿ ಎನ್ನಲು ಬರುತ್ತದೆ, ತನ್ನ ಖಜಾನೆಯಿಂದ ಒಂದು ವಾರ್ಡು ಕಟ್ಟಿಸಲು ಬರುವುದಿಲ್ಲ. ನೋವು ತಗ್ಗಿಸುವ ಔಷಧ ತಾಲೂಕಿನ ದವಾಖಾನೆಯಲ್ಲಿ ಸಿಗಬೇಕಾದರೆ, ಮನೆಗೆ ಬಂದು ನೋಡುವ ದಾದಿಗೆ ಸಂಬಳ ದೊರೆಯಬೇಕಾದರೆ, ಅದಕ್ಕೆ ಅಂದಾಜುಪತ್ರಿಕೆಯಲ್ಲಿ ಹಣ ತೆಗೆದಿಡಬೇಕು. ಹಣ ತೆಗೆದಿಡುವವರು ನಮ್ಮ ಓಟು ಪಡೆದು ಹೋದವರು.

ಅವರೇನು ಮಾಡಿದರು? ಕಾನೂನು ಆಯೋಗ 2006ರಲ್ಲಿ ತನ್ನ 196ನೆಯ ವರದಿಯಲ್ಲಿ ಒಂದು ಕರಡು ಮಸೂದೆಯನ್ನೇ ಬರೆದುಕೊಟ್ಟಿತು. 2012ರ 241ನೆಯ ವರದಿಯಲ್ಲಿ ಮತ್ತೆ ಹೇಳಿತು. 2016ರಲ್ಲಿ ಆರೋಗ್ಯ ಮಂತ್ರಾಲಯ ಒಂದು ಕರಡನ್ನು ಜನರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಆ ಕರಡು ಕಾಯದೆಯಾಗಲಿಲ್ಲ. ಪಕ್ಷಗಳಿಗೆ ಇದರಲ್ಲಿ ಓಟಿಲ್ಲ, ಸಿಟ್ಟು ಮಾತ್ರ ಇದೆ. ಪರವಾಗಿ ಮಾತಾಡಿದರೆ ಮುದುಕರನ್ನು ಕೊಲ್ಲಹೊರಟವನೆಂಬ ಹೆಸರು, ವಿರೋಧಿಸಿದರೆ ನಿಷ್ಕರುಣಿಯೆಂಬ ಹೆಸರು. ಕೋರ್ಟು ಹೇಗೂ ನೋಡಿಕೊಳ್ಳುತ್ತದಲ್ಲ ಎಂದು ಕೈ ತೊಳೆದುಕೊಳ್ಳುವುದು ಸುಲಭ.

ಹಾಗಾದರೆ ರಾಜಕಾರಣಿಗಳು ಮುಂದೆ ಬಂದು ಕೈ ಹಾಕಿದರೆ ಒಳ್ಳೆಯದೇ ಎಂದು ತಾವು ಕೇಳಬಹುದು. ಅಮೇರಿಕೆಯಲ್ಲಿ ಹಾಗೆ ಕೈ ಹಾಕಿದ್ದನ್ನು ಕೇಳಿ. ಫ್ಲಾರಿಡಾ ಸಂಸ್ಥಾನದ ಟೆರ್ರಿ ಶೈವೋ ಎಂಬ ಹೆಣ್ಣುಮಗಳು 1990ರಲ್ಲಿ ಕುಸಿದುಬಿದ್ದು ಅರಿವು ಕಳೆದುಕೊಂಡಳು. ಅವಳಿಗೆ ಹೀಗೆ ಬದುಕುವ ಇಚ್ಛೆಯಿರಲಿಲ್ಲ, ಆಹಾರದ ನಳಿಗೆ ತೆಗೆಯಿರಿ ಎಂದು ಗಂಡ ಕೇಳಿದ. ತಂದೆತಾಯಿ ಕೂಡದೆಂದರು. ಬರವಣಿಗೆಯಲ್ಲಿ ಅವಳು ಏನೂ ಇಟ್ಟಿರಲಿಲ್ಲ. ಕೋರ್ಟುಗಳು ವರುಷಗಟ್ಟಲೆ ಸಾಕ್ಷ್ಯ ಕೇಳಿ ಗಂಡನ ಮಾತು ನಿಜವೆಂದು ಕಂಡುಕೊಂಡವು. ಆಗ 2003ರಲ್ಲಿ ಆ ಸಂಸ್ಥಾನದ ಶಾಸನಸಭೆ ಅವಳೊಬ್ಬಳಿಗಾಗಿ ಕಾಯದೆ ಮಾಡಿ, ಗವರ್ನರನು ನಳಿಗೆಯನ್ನು ಮತ್ತೆ ಹಾಕಿಸಿದ. 2004ರಲ್ಲಿ ಅಲ್ಲಿಯ ಸುಪ್ರೀಮ್ ಕೋರ್ಟು ಆ ಕಾಯದೆಯನ್ನು ರದ್ದುಮಾಡಿತು. 2005ರ ಮಾರ್ಚಿನಲ್ಲಿ ದೇಶದ ಕಾಂಗ್ರೆಸ್ ಸಭೆಯೇ ರಜೆಯನ್ನು ಬಿಟ್ಟು ಕೂಡಿ, ನಡುರಾತ್ರಿ ದಾಟಿದ ಮೇಲೆ ಮಸೂದೆ ಪಾಸು ಮಾಡಿತು. ಅಧ್ಯಕ್ಷ ಬುಷ್ ಅದಕ್ಕೆಂದೇ ರಾಜಧಾನಿಗೆ ಮರಳಿ ಬಂದು ಸಹಿ ಹಾಕಿದ. ಸೆನೆಟ್ ಸಭೆಯ ನಾಯಕನಾಗಿದ್ದ ಒಬ್ಬ ವೈದ್ಯನು ಚಲಚ್ಚಿತ್ರದ ತುಣುಕು ನೋಡಿಯೇ ಅವಳ ರೋಗದ ಬಗೆಗೆ ಸಭೆಯಲ್ಲಿ ಅಭಿಪ್ರಾಯ ಕೊಟ್ಟ. ಅಷ್ಟಾದರೂ ಕೋರ್ಟುಗಳು ಅಲುಗಲಿಲ್ಲ. ಮಾರ್ಚ್ 31ರಂದು ಅವಳು ತೀರಿಕೊಂಡಳು. ಶವಪರೀಕ್ಷೆಯಲ್ಲಿ ಅವಳ ಮೆದುಳು ಸಾಮಾನ್ಯ ತೂಕದ ಸುಮಾರು ಅರ್ಧಕ್ಕೆ ಇಳಿದಿತ್ತು.

ನಮ್ಮವರು ಬಾಯಿ ಬಿಡಲಿಲ್ಲ, ಅವರು ಒಬ್ಬಳ ಹಾಸಿಗೆಯ ಸುತ್ತ ಸಂತೆ ನೆರೆಸಿದರು. ನಮ್ಮ ದೃಷ್ಟಿಯಲ್ಲಿ ಎರಡೂ ಹೊಣೆಗೇಡಿತನವೇ. ಶಾಸನಸಭೆಯ ಕೆಲಸ ಎಲ್ಲರಿಗೂ ಅನ್ವಯಿಸುವಂತೆ, ಯಾರ ಹೆಸರೂ ಮುಂದಿಲ್ಲದಾಗ, ತಣ್ಣನೆಯ ತಲೆಯಿಂದ ನಿಯಮ ಮಾಡುವುದು. ಆ ನಿಯಮವನ್ನು ಒಬ್ಬ ರೋಗಿಗೆ ಅನ್ವಯಿಸುವಾಗ ಜಗಳ ಬಂದರೆ ಅದು ಕೋರ್ಟಿನ ಕೆಲಸ. ಅಡಿಗೆಯವ ಬಡಿಸಲು ನಿಂತು, ಬಡಿಸುವವ ಒಲೆಯ ಮುಂದೆ ಕೂತರೆ ಪಂಕ್ತಿಯ ಪಾಡೇನು?

ಮುಂದಿನದನ್ನು ಬೇಗ ಹೇಳುತ್ತೇವೆ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಕಾಮನ್ ಕಾಜ್ ಎಂಬ ಸಂಸ್ಥೆಯ 2005ರ ಅರ್ಜಿಯ ಮೇಲೆ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಒಂದು ಅಂಗವೆಂದು ಸಾರಿತು. ಮುಂಚೆಯೇ ಇಚ್ಛಾಪತ್ರ ಬರೆದಿಡಬಹುದು ಎಂದಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ, ಕಲೆಕ್ಟರರು ನೇಮಿಸಿದ ಮಂಡಲಿ ಎಂದು ಎಷ್ಟು ಬಾಗಿಲು ಇಟ್ಟರೆಂದರೆ, ತೀವ್ರ ಚಿಕಿತ್ಸೆಯ ವೈದ್ಯರ ಸಂಘವೇ ಮತ್ತೆ ಕೋರ್ಟಿಗೆ ಹೋಗಿ ಇದು ನಡೆಯುವ ಮಾತಲ್ಲ ಎಂದು ಹೇಳಿಕೊಳ್ಳಬೇಕಾಯಿತು. 2023ರ ಜನವರಿ 24ರಂದು ಬಾಗಿಲುಗಳನ್ನು ಕಡಿಮೆ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ದೃಢಪಡಿಸಿದರೆ ಸಾಕು. ಸಮಯ ಬಂದಾಗ ದವಾಖಾನೆಯ ಮೂವರು ವೈದ್ಯರ ಮಂಡಲಿ ನೋಡುತ್ತದೆ. ಅದರ ಮೇಲೆ ಇನ್ನೊಂದು ಮಂಡಲಿ. ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರಿರಬೇಕು. ಆದಷ್ಟು ಮಟ್ಟಿಗೆ 48 ಗಂಟೆಗಳಲ್ಲಿ ಅಭಿಪ್ರಾಯ ಕೊಡಬೇಕು. ಅವರು ಒಪ್ಪದಿದ್ದರೆ ಮಾತ್ರ ಹೈಕೋರ್ಟು. ಪತ್ರ ಬರೆದಿಡದವರ ವಿಷಯದಲ್ಲಿ ಕುಟುಂಬದ ಒಪ್ಪಿಗೆಯಿಂದ ಇದೇ ಕ್ರಮ.

ಆದರೆ ಆ ಒಬ್ಬ ವೈದ್ಯರನ್ನು ಹೆಸರಿಸುವವರು ಯಾರು? ಸರಕಾರದ ಅಧಿಕಾರಿ. ಸರಕಾರ ಆಜ್ಞೆ ಹೊರಡಿಸದಿದ್ದರೆ ತೀರ್ಪು ಕಪಾಟಿನಲ್ಲಿಯೇ ಉಳಿಯುತ್ತದೆ. ಕರ್ನಾಟಕ ಸರಕಾರ 2025ರ ಜನವರಿ 30ರಂದು ಅಂಥ ಆಜ್ಞೆ ಹೊರಡಿಸಿತು, ಆರೋಗ್ಯ ಮಂತ್ರಿ ದಿನೇಶ ಗುಂಡೂರಾವ್ ಅದನ್ನು ಬಹಿರಂಗವಾಗಿ ತಮ್ಮ ಹೆಸರಿನಲ್ಲಿ ಹೇಳಿದರು. ಮಂತ್ರಿಯೊಬ್ಬರು ಈ ವಿಷಯಕ್ಕೆ ತಮ್ಮ ಹೆಸರು ಕೊಟ್ಟದ್ದು ನಮಗೆ ದೊಡ್ಡದಾಗಿ ಕಂಡಿತು. ಹೊಗಳಲು ಹೇಳುತ್ತಿಲ್ಲ, ನಾಳೆ ಆಜ್ಞೆ ಜಾರಿಯಾಗದಿದ್ದರೆ ಕೇಳಲು ಒಂದು ಹೆಸರಿದೆ ಎಂಬುದಕ್ಕಾಗಿ ಹೇಳುತ್ತಿದ್ದೇವೆ.

ಇದೆಲ್ಲ ಪರದೇಶದಿಂದ ಬಂದ ವಿಚಾರವೆನ್ನುವವರಿಗೆ ಒಂದು ಮಾತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನದ ಶಾಸನಗಳು ಸಾಲಾಗಿ ಇವೆ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರನು 982ರಲ್ಲಿ ಅಲ್ಲಿಯೇ ವ್ರತ ಹಿಡಿದು ದೇಹ ಬಿಟ್ಟ. ಸರಿಯಾಗಿ ಸಾವಿರ ವರುಷದ ನಂತರ, 1982ರ ನವೆಂಬರದಲ್ಲಿ, ನಮ್ಮ ನೆರೆಯ, ಅಂದಿನ ಕುಲಾಬಾ ಜಿಲ್ಲೆಯ ಗಾಗೋದೆಯಲ್ಲಿ ಹುಟ್ಟಿದ ವಿನೋಬಾ ಅವರು ಪವನಾರದಲ್ಲಿ ಅನ್ನ ಔಷಧ ಬೇಡವೆಂದು ಕಣ್ಣು ಮುಚ್ಚಿದರು. ಪ್ರಧಾನಿ ಇಂದಿರಾ ಗಾಂಧಿಯವರೇ ಹೋಗಿ ನೋಡಿ ಬಂದರು. ಇವರಿಗೂ ಅರುಣೆಗೂ ಒಂದು ಭೇದವಿದೆ, ಅದನ್ನು ಮರೆಯಬಾರದು. ಇಂದ್ರನೂ ವಿನೋಬರೂ ತಮ್ಮ ಬಾಯಿಂದ ತಾವೇ ಬೇಡವೆಂದರು. ತಾನು ಬೇಡವೆನ್ನುವುದು ಒಂದು, ಮಲಗಿದವರ ಪರವಾಗಿ ಇನ್ನೊಬ್ಬರು ಬೇಡವೆನ್ನುವುದು ಬೇರೆ. ಜಗಳವೆಲ್ಲ ಹುಟ್ಟುವುದು ಎರಡನೆಯದರಲ್ಲಿ.

ನಮ್ಮ ಅಂಬರನಾಥದ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ ಕಾರ್ಖಾನೆಯಿಂದ ನಿವೃತ್ತರು. ದೊಡ್ಡ ಮಗ ಇಲ್ಲಿ, ಚಿಕ್ಕವ ಬೆಂಗಳೂರಿನಲ್ಲಿ, ಮಗಳು ಹುಬ್ಬಳ್ಳಿಯಲ್ಲಿ, ಅಣ್ಣತಮ್ಮಂದಿರು ಊರಿನಲ್ಲಿ. ತಂದೆಗೆ ಮೆದುಳಿನಲ್ಲಿ ರಕ್ತ ಒಡೆಯಿತು. ಕಲ್ಯಾಣಕ್ಕೋ ಠಾಣೆಗೋ ಸಾಗಿಸಿ ಉಸಿರಾಟದ ಯಂತ್ರಕ್ಕೆ ಹಚ್ಚಿದರು. ಹತ್ತು ದಿನವಾಯಿತು, ಪಿ.ಎಫ್. ಹಣ ಕರಗಿತು, ವೈದ್ಯರು ಆಸೆಯಿಲ್ಲವೆಂದರು. ರಾತ್ರಿ ಹಗಲು ಕೂತ ದೊಡ್ಡ ಮಗ ಸಾಕು ಎಂದರೆ, ನಿನ್ನೆ ರೈಲಿನಿಂದ ಇಳಿದವನು "ಅಪ್ಪನನ್ನು ಕೊಲ್ಲುತ್ತೀಯಾ?" ಎನ್ನುತ್ತಾನೆ. ತಾಯಿಯನ್ನು ಯಾರೂ ಕೇಳುವುದಿಲ್ಲ. ಕೊನೆಗೆ ಎಷ್ಟೋ ಮನೆಗಳವರು ಏನು ಮಾಡುತ್ತಾರೆ? "ನಮ್ಮ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆ" ಎಂಬ ಕಾಗದಕ್ಕೆ ಸಹಿ ಹಾಕಿ, ಯಂತ್ರ ಬಿಡಿಸಿ, ನೋವಿಗೆ ಒಂದು ಗುಳಿಗೆಯೂ ಇಲ್ಲದೆ ಮನೆಗೆ ತರುತ್ತಾರೆ. ಇದು ಕಾಯದೆಯ ಕಣ್ಣಿಗೆ ಬೀಳದ ಸಾವು. ಹಣವಿದ್ದವನಿಗೆ ಯಂತ್ರ ಹೆಚ್ಚಾಗಿ ನರಳಾಟ, ಇಲ್ಲದವನಿಗೆ ಔಷಧ ಕಡಿಮೆಯಾಗಿ ನರಳಾಟ. ಘನತೆಯೆಂದು ತೀರ್ಪಿನಲ್ಲಿ ಬರೆದದ್ದು ಇಬ್ಬರಿಗೂ ದೊರೆಯಲಿಲ್ಲ.

ಅದಕ್ಕೋಸ್ಕರ ಎರಡು ಕೆಲಸ ಹೇಳುತ್ತೇವೆ. ಮೊದಲನೆಯದು ಮನೆಯದು. ಇಚ್ಛಾಪತ್ರವೆಂದರೆ ಮನೆ ಹೊಲ ಹಂಚುವ ಮೃತ್ಯುಪತ್ರವಲ್ಲ. ನಮಗೆ ಮಾತು ನಿಂತಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಬರೆಯುವುದು. ಹೆಂಡತಿಯ ಹೆಸರನ್ನೂ ಬರೆಯಬಹುದು, ಮಗಳ ಹೆಸರನ್ನೂ ಬರೆಯಬಹುದು. ಯಂತ್ರವೆಲ್ಲ ಬೇಕೇ ಬೇಕೆನ್ನುವವರು ಹಾಗೆಯೇ ಬರೆಯಲಿ, ಅದಕ್ಕೂ ಅಷ್ಟೇ ಮಾನವಿದೆ.

ಎರಡನೆಯದು ಊರಿನದು. ತೀರ್ಪಿನ ಪ್ರಕಾರ ಈ ಪತ್ರದ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿ ತೆಗೆದುಕೊಂಡು ಕಾಯ್ದಿಡಬೇಕು. ಮಹಾರಾಷ್ಟ್ರದಲ್ಲಿ ಇಂಥ ಅಧಿಕಾರಿಗಳ ನೇಮಕವಾದದ್ದು ಮುಂಬಯಿ ಹೈಕೋರ್ಟಿನಲ್ಲಿ ಒಬ್ಬ ವೈದ್ಯರು ಸಾರ್ವಜನಿಕ ಹಿತದ ಅರ್ಜಿ ಹಾಕಿದ ಮೇಲೆ. ಇಲ್ಲಿಯೂ ಕೋರ್ಟೇ ತಳ್ಳಬೇಕಾಯಿತು ನೋಡಿ. ನಮ್ಮ ಸಂಘದ ನಾಲ್ಕೈದು ಮಂದಿ ಹಿರಿಯರು ಕೂಡಿ ಅಂಬರನಾಥ ನಗರಪರಿಷತ್ತಿಗೆ ಹೋಗಿ, ಇಲ್ಲಿ ಆ ಅಧಿಕಾರಿ ಯಾರು, ಯಾವ ಮೇಜು, ಪ್ರತಿ ಕೊಟ್ಟದ್ದಕ್ಕೆ ರಸೀದಿ ಕೊಡುತ್ತೀರಾ ಎಂದು ಬರವಣಿಗೆಯಲ್ಲಿ ಕೇಳೋಣ. ಲೋಕಸಭೆಯ ಸದಸ್ಯರು ಮುಂದಿನ ಸಲ ನಮ್ಮ ಸಭೆಗೆ ಹಾರ ಹಾಕಿಸಿಕೊಳ್ಳಲು ಬಂದಾಗ 2016ರ ಕರಡು ಎಲ್ಲಿಗೆ ಬಂತು ಎಂದು ಕೇಳೋಣ. ನಗರಪರಿಷತ್ತಿಗೆ ಕೊಡುವ ಅರ್ಜಿಯನ್ನು ಮರಾಠಿಯಲ್ಲಿ ಬರೆದು ತಂದಿದ್ದೇವೆ. ಸಹಿ ಹಾಕಲು ಇಚ್ಛಿಸುವವರು ಸಭೆ ಮುಗಿದ ಮೇಲೆ ಗ್ರಂಥಪಾಲಕರ ಮೇಜಿನ ಬಳಿ ಬರಬೇಕು.