ಬದಲಾವಣೆ ಎಂದರೆ ನೌಕರರು ಯಾಕೆ ಹಿಂಜರಿಯುತ್ತಾರೆ?

(ಕಡಗಂಚಿಯಲ್ಲಿ ಕಾರ್ಯಕರ್ತರಿಗೆ ನೀಡಿದ ಉಪನ್ಯಾಸ)



ನಮ್ಮ ಭಾಗದ ಗ್ರಾಮೀಣ ಬ್ಯಾಂಕನ್ನೇ ನೋಡಿರಿ. ಕಲಬುರಗಿಯಲ್ಲಿ ಪ್ರಧಾನ ಕಚೇರಿ ಇದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನೊಂದಿಗೆ ಕೂಡಿತು. ಪ್ರಧಾನ ಕಚೇರಿ ಬಳ್ಳಾರಿಯಾಯಿತು. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಸೇರಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು.

ನಮಗೆ ಬದಲಾದದ್ದು ಬೋರ್ಡು, ಪಾಸ್‌ಬುಕ್ಕು. ಆದರೆ ಇಂಥ ವಿಲೀನದಲ್ಲಿ ಕೌಂಟರಿನ ಒಳಗೆ ಕುಳಿತವರ ಚಿಂತೆಯೇ ಬೇರೆ. ನನ್ನ ಸೇವಾ ಜ್ಯೇಷ್ಠತೆ ಏನಾಗುತ್ತದೆ? ವರ್ಗಾವಣೆ ಆಳಂದಕ್ಕೋ, ಚಾಮರಾಜನಗರಕ್ಕೋ? ಮಕ್ಕಳ ಶಾಲೆ, ವಯಸ್ಸಾದ ತಂದೆತಾಯಿ? ಇಪ್ಪತ್ತು ವರ್ಷ ಕೈಗೆ ಕೂತ ಕೆಲಸವನ್ನು ಹೊಸ ಹುಡುಗರ ಮುಂದೆ ಮತ್ತೆ ಕಲಿಯಬೇಕೇ? ವಿಜಯಾ ಬ್ಯಾಂಕನ್ನು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಸುವುದನ್ನು ವಿರೋಧಿಸಿ 2018ರ ಡಿಸೆಂಬರ್ 26ರಂದು ದೇಶದ ಬ್ಯಾಂಕ್ ನೌಕರರು ಮುಷ್ಕರ ಹೂಡಿದ್ದರು. ಇದನ್ನೆಲ್ಲ ಸೋಮಾರಿತನ ಎನ್ನಲಾದೀತೇ? ಜನ ಬದಲಾವಣೆಗೆ ಹೆದರುವುದಿಲ್ಲ; ಕಳೆದುಕೊಳ್ಳುವುದಕ್ಕೆ ಹೆದರುತ್ತಾರೆ. ನಿರ್ಧಾರ ಆದ ಮೇಲೆ ಸುತ್ತೋಲೆಯಲ್ಲಿ ತಿಳಿದರೆ ಆ ಹೆದರಿಕೆ ಸಿಟ್ಟಾಗುತ್ತದೆ.

ಸಮಾಜಕಾರ್ಯ ಓದಿದವರಿಗೆ 1948ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗೊತ್ತಿರುತ್ತದೆ. ಅಮೆರಿಕದ ಪೈಜಾಮಾ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕಾಕ್ ಮತ್ತು ಫ್ರೆಂಚ್ ಎಂಬಿಬ್ಬರು ಅದನ್ನು ನಡೆಸಿದರು. ಕೆಲಸದ ರೀತಿ ಬದಲಾಗಬೇಕಿತ್ತು. ಒಂದು ಗುಂಪಿಗೆ ‘ಇನ್ನು ಹೀಗೆ ಮಾಡಿ’ ಎಂದು ಹೇಳಿದರು, ಅಷ್ಟೇ. 40 ದಿನಗಳೊಳಗೆ ಆ ಗುಂಪಿನ ಶೇ. 17 ಮಂದಿ ಕೆಲಸ ಬಿಟ್ಟರು. ಇನ್ನೆರಡು ಗುಂಪುಗಳಲ್ಲಿ ಎಲ್ಲರನ್ನೂ ಕೂಡಿಸಿ ಕೇಳಿ, ಅವರ ಜೊತೆ ಸೇರಿ ಹೊಸ ರೀತಿ ರೂಪಿಸಿದರು. ಅಲ್ಲಿ ಒಬ್ಬರೂ ಬಿಡಲಿಲ್ಲ, ಉತ್ಪಾದನೆಯೂ ಹೆಚ್ಚಿತು.

ಹಾಗಾದರೆ ನಾವೇನು ಮಾಡಬೇಕು? ಒಂದು, ನಿರ್ಧಾರಕ್ಕೆ ಮೊದಲೇ ಕೇಳಬೇಕು. ಎರಡು, ಕಲಿಯಲು ಸಮಯ ಕೊಡಬೇಕು, ತಪ್ಪಾದರೆ ನಗಬಾರದು. ಮೂರು, ನಷ್ಟ ಇದ್ದರೆ ಮುಚ್ಚಿಡಬಾರದು. ದೂರದ ವರ್ಗಾವಣೆ ಎಷ್ಟು ಸಮಾಧಾನ ಹೇಳಿದರೂ ದೂರವೇ. ಅದಕ್ಕೆ ಪರಿಹಾರ ಬೇಕು, ಬರೀ ಮಾತಲ್ಲ. ಕೆಲವು ಸಲ ವಿರೋಧಿಸುವವರ ಮಾತೇ ಸರಿ ಇರುತ್ತದೆ. ಆಗ ಯೋಜನೆಯನ್ನೇ ತಿದ್ದಬೇಕು.

ನಮ್ಮ ಸಂಘದ ಲೆಕ್ಕ ಪುಸ್ತಕದಿಂದ ಮೊಬೈಲಿಗೆ ಹೋಗುವಾಗ ಹಿರಿಯ ಅಕ್ಕ ಒಬ್ಬರು ‘ನನಗ ಬ್ಯಾಡ್ರಿ ಇದು’ ಅಂದರೆ, ಅವರನ್ನು ಬದಿಗಿಟ್ಟು ಮುಂದೆ ಹೋಗಬೇಡಿ. ‘ಯಾಕ ಬ್ಯಾಡ ಅಕ್ಕಾ?’ ಎಂದು ಪಕ್ಕದಲ್ಲಿ ಕುಳಿತು ಕೇಳಿ. ಆ ಉತ್ತರದಿಂದಲೇ ಕೆಲಸ ಶುರು ಮಾಡೋಣ.