ಕೇಕ್ ಕೊಟ್ಟರು, ಕೈ ಕುಲುಕಿದರು

ಇವತ್ತು ಮಾತಾಡೋದು ಬ್ಲ್ಯಾಕ್ ಸಬ್ಬತ್ ಅನ್ನೋ ಬ್ಯಾಂಡಿನ ಕೊನೆಯ ಶೋ ಬಗ್ಗೆ. ಹೆಸರು ಕೇಳಿಲ್ಲ ಅನ್ನೋರಿಗೆ ಒಂದು ಗುರುತು ಹೇಳ್ತೀನಿ: ವೇದಿಕೆ ಮೇಲೆ ಬಾವಲಿಯ ತಲೆ ಕಚ್ಚಿದ ಗಾಯಕ ಒಬ್ಬ ಇದ್ದನಲ್ಲ, ಓಜಿ ಆಸ್ಬರ್ನ್, ಅವನ ಬ್ಯಾಂಡ್. ಬಾವಲಿ ಪ್ರಸಂಗ 1982ರದ್ದು, ಅವನು ಬ್ಯಾಂಡ್ ಬಿಟ್ಟು ಒಬ್ಬನೇ ಹಾಡ್ತಿದ್ದ ಕಾಲದ್ದು. ಉಳಿದವರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ಹಾಸ್ಟೆಲ್‌ಗಳಿಗೆ ಮೊದಲು ತಲುಪಿದ್ದು ಬಾವಲಿ, ಹಾಡು ಆಮೇಲೆ.

ನಮ್ಮ ಐಟಿ ಲೋಕದಲ್ಲಿ ವಿದಾಯಕ್ಕೊಂದು ಟೆಂಪ್ಲೇಟ್ ಇದೆ, ಗೊತ್ತಲ್ಲ. 'ಲಾಸ್ಟ್ ವರ್ಕಿಂಗ್ ಡೇ' ಅಂತ ಸಬ್ಜೆಕ್ಟ್ ಲೈನ್, ಕೆಳಗೆ ಪರ್ಸನಲ್ ಇಮೇಲ್ ಐಡಿ, ಸಂಜೆ ನಾಲ್ಕಕ್ಕೆ ಪ್ಯಾಂಟ್ರಿಯಲ್ಲಿ ಕೇಕ್. ಐದಕ್ಕೆ ಎಲ್ಲರೂ ಮತ್ತೆ ಕಾಲ್‌ನಲ್ಲಿ. ವಿಚಿತ್ರ ನೋಡಿ, ಈ ಬ್ಯಾಂಡಿನ ಕಥೆ ಶುರುವಾಗೋದೂ ಒಂದು ಲಾಸ್ಟ್ ವರ್ಕಿಂಗ್ ಡೇಯಿಂದಲೇ, ಮುಗಿಯೋದೂ ಒಂದು ಕೇಕಿನಿಂದಲೇ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಐಯೋಮಿ ಅಂತ ಹದಿನೇಳು ವರ್ಷದ ಹುಡುಗ ತಗಡಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ದ. ಗಿಟಾರ್ ನುಡಿಸೋಕೆ ಹೊರಡಬೇಕು ಅಂತ ಕೆಲಸ ಬಿಟ್ಟ. ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು, ವಾಪಸ್ ಹೋಗಲ್ಲ ಅಂದ. ಅಮ್ಮ ಬಿಡಲಿಲ್ಲ, ಹಿಡಿದ ಕೆಲಸ ಮುಗಿಸಿ ಬಾ ಅಂತ ಕಳಿಸಿದರು. (ನಮ್ಮ ಅಮ್ಮಂದಿರೂ ಅದೇ ಹೇಳ್ತಿದ್ದರು ಬಿಡಿ.) ಆ ಮಧ್ಯಾಹ್ನ ಮಷೀನು ಅವನ ಬಲಗೈಯ ಎರಡು ಬೆರಳಿನ ತುದಿ ಕತ್ತರಿಸಿತು. ಅವನು ಎಡಚ. ಅಂದರೆ ತಂತಿ ಒತ್ತೋ ಬೆರಳುಗಳೇ ಹೋದವು.

ಕಥೆ ಅಲ್ಲೇ ಮುಗೀಬೇಕಿತ್ತು. ಫ್ಯಾಕ್ಟರಿಯ ಮೇಲಧಿಕಾರಿ ಒಬ್ಬರು ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದರು. ಜ್ಯಾಂಗೋ ಕೂಡ ಬೆಂಕಿ ಅನಾಹುತದಲ್ಲಿ ಎರಡು ಬೆರಳಿನ ಉಪಯೋಗ ಕಳಕೊಂಡು ಗಿಟಾರ್ ನುಡಿಸಿದವನು. ಐಯೋಮಿ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ತೆಳ್ಳಗಿನ ತಂತಿ ಹಾಕಿದ. ಮುಂದೆ ತಂತಿಗಳನ್ನ ಸಡಿಲ ಮಾಡಿ, ಶ್ರುತಿ ಕೆಳಗಿಳಿಸಿ ನುಡಿಸಿದ. ಆಗ ಬಂದ ಆ ಮಂದ, ಭಾರದ ನಾದ ಇದೆಯಲ್ಲ, ಇವತ್ತು ಹೆವಿ ಮೆಟಲ್ ಅಂತ ನಾವು ಕರೆಯೋದಕ್ಕೆ ಬುನಾದಿ ಅದೇ. ವರ್ಕ್‌ಅರೌಂಡ್ ಅಂತ ಮಾಡಿದ್ದು ಆರ್ಕಿಟೆಕ್ಚರ್ ಆಗಿಬಿಡ್ತು! 1970ರ ಫೆಬ್ರವರಿ 13ಕ್ಕೆ ಮೊದಲ ಆಲ್ಬಂ ಬಂತು. ನುಡಿಸಿದ್ದೆಲ್ಲ ಹೆಚ್ಚುಕಮ್ಮಿ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ದರು. ಐಯೋಮಿ ಗಿಟಾರ್, ಗೀಜರ್ ಬಟ್ಲರ್ ಬೇಸ್, ಬಿಲ್ ವಾರ್ಡ್ ಡ್ರಮ್ಸ್, ಓಜಿ ಹಾಡು. ನಾಲ್ಕೂ ಜನ ಆಸ್ಟನ್ ಅನ್ನೋ ಒಂದೇ ಬಡಾವಣೆ ಕಡೆಯ ಹುಡುಗರು.

ಮಧ್ಯದ ಐವತ್ತು ವರ್ಷ ಹಾರಿಸ್ತೀನಿ. ಕುಡಿತ, ಡ್ರಗ್ಸ್, ಜಗಳ, 1979ರಲ್ಲಿ ಓಜಿಯನ್ನ ಹೊರಗೆ ಹಾಕಿದ್ದು, ಎಲ್ಲಾ ಪುಸ್ತಕಗಳಲ್ಲಿ ಸಿಗುತ್ತೆ. ನನಗೆ ಬೇಕಿರೋದು ವಿದಾಯಗಳು. ಅವೂ ಒಂದಲ್ಲ.

ಕನ್ನಡದಲ್ಲಿ ನಾವು 'ಹೋಗ್ತೀನಿ' ಅನ್ನಲ್ಲ, ಅಂದರೆ ಮನೇಲಿ ಬೈತಾರೆ. 'ಹೋಗಿ ಬರ್ತೀನಿ' ಅಂತೀವಿ. ರಾಕ್ ಬ್ಯಾಂಡ್‌ಗಳೂ ಹಾಗೇ, ಬಾಯಲ್ಲಿ ಮಾತ್ರ 'ಹೋಗ್ತೀವಿ'. 1992ರಲ್ಲಿ ಓಜಿ 'ನೋ ಮೋರ್ ಟೂರ್ಸ್' ಅಂತ ನಿವೃತ್ತಿ ಪ್ರವಾಸ ಮಾಡಿದ, ಮೂರೇ ವರ್ಷಕ್ಕೆ ವಾಪಸ್ ಬಂದ. 2018ರಲ್ಲಿ ಇನ್ನೊಂದು ಶುರುವಾಯ್ತು, ಹೆಸರು 'ನೋ ಮೋರ್ ಟೂರ್ಸ್ 2'. ವಿದಾಯಕ್ಕೂ ವರ್ಷನ್ ನಂಬರ್! ಮಧ್ಯೆ 2017ರ ಫೆಬ್ರವರಿ 4ಕ್ಕೆ ಬ್ಯಾಂಡೇ 'ದಿ ಎಂಡ್' ಅಂತ ಪ್ರವಾಸ ಮಾಡಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಂಗಳ ಹಾಡಿತು. ಸಂಗೀತದ ಲೆಕ್ಕದಲ್ಲಿ ಅಚ್ಚುಕಟ್ಟಾದ ಶೋ. ಆದರೆ ಡ್ರಮ್ಸ್ ಹಿಂದೆ ಬಿಲ್ ವಾರ್ಡ್ ಇರಲಿಲ್ಲ. ಕಾಂಟ್ರ್ಯಾಕ್ಟ್ ವಿಷಯಕ್ಕೆ 2012ರಲ್ಲೇ ಮನಸ್ತಾಪ ಆಗಿತ್ತು. ನಾಲ್ಕರಲ್ಲಿ ಒಬ್ಬ ಇಲ್ಲದ ಮುಕ್ತಾಯ ನನಗೆ ಮುಕ್ತಾಯ ಅನ್ನಿಸಲೇ ಇಲ್ಲ.

ಅದಕ್ಕೇ 2025ರ ಜುಲೈ 5. ಜಾಗ ವಿಲ್ಲಾ ಪಾರ್ಕ್, ಆಸ್ಟನ್‌ನ ಫುಟ್‌ಬಾಲ್ ಮೈದಾನ. ಓಜಿ ಹುಡುಗನಾಗಿದ್ದಾಗ ಅಲ್ಲಿ ಮ್ಯಾಚ್ ಇದ್ದ ದಿನ ಜನ ನಿಲ್ಲಿಸಿದ ಕಾರು ಕಾಯ್ತೀನಿ ಅಂತ ಚಿಲ್ಲರೆ ಕಾಸು ವಸೂಲಿ ಮಾಡ್ತಿದ್ದನಂತೆ. ಈಗ ಪಾರ್ಕಿನ್ಸನ್ ಕಾಯಿಲೆ, ಬೆನ್ನುಮೂಳೆಯ ಸರ್ಜರಿಗಳು, ನಿಲ್ಲೋಕಾಗಲ್ಲ. ಮಧ್ಯಾಹ್ನದಿಂದ ಮೆಟಾಲಿಕಾ, ಸ್ಲೇಯರ್, ಗನ್ಸ್ ಎನ್ ರೋಸಸ್ ಎಲ್ಲ ಬಂದು ತಮ್ಮ ಹಾಡಿನ ಜೊತೆ ಸಬ್ಬತ್ ಹಾಡೂ ನುಡಿಸಿದರು. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರು ಅರಮನೆ ಮೈದಾನದಲ್ಲಿ ನಮ್ಮಲ್ಲಿ ಎಷ್ಟೋ ಜನ ಕೆಸರಲ್ಲಿ ನಿಂತು ನೋಡಿದ ಅದೇ ಮೆಟಾಲಿಕಾ, ಇಲ್ಲಿ ಗುರುವಿನ ಮನೆಗೆ ಬಂದ ಶಿಷ್ಯರ ಥರ ಇದ್ದರು.

ನಾನು ಪುಣೆಯಲ್ಲಿ ಸ್ಟ್ರೀಮ್‌ಗೆ ದುಡ್ಡು ಕಟ್ಟಿ ನೋಡಿದೆ. ಲೈವ್ ಅಂದರೂ ಎರಡು ಗಂಟೆ ತಡ, ಸಬ್ಬತ್ ವೇದಿಕೆಗೆ ಬರೋ ಹೊತ್ತಿಗೆ ನಮಗೆ ಭಾನುವಾರ ಬೆಳಗಿನ ಜಾವ. ಇಂಜಿನಿಯರಿಂಗ್‌ನಲ್ಲಿ ನಮ್ಮದೂ ನಾಲ್ಕು ಜನರ ಬ್ಯಾಂಡ್ ಇತ್ತು. 'ಪ್ಯಾರನಾಯ್ಡ್' ನುಡಿಸ್ತಿದ್ದೆವು, ಕಾರಣ ರಿಫ್ ಸುಲಭ. ಕಾಲೇಜ್ ಫೆಸ್ಟ್‌ನಲ್ಲಿ ಕೊನೆಯ ಸಲ ನುಡಿಸಿದಾಗ ಅದು ಕೊನೆಯದು ಅಂತ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಪ್ಲೇಸ್‌ಮೆಂಟ್: ಒಬ್ಬ ಚೆನ್ನೈ, ಒಬ್ಬ ಹೈದರಾಬಾದ್, ಒಬ್ಬ ನೋಯ್ಡಾ. ವಾಟ್ಸಾಪ್ ಗ್ರೂಪ್ ಇದೆ, ಹಬ್ಬದ ಸ್ಟಿಕ್ಕರ್ ಬಿಟ್ಟರೆ ಸದ್ದಿಲ್ಲ. ಆ ನಸುಕಿನಲ್ಲಿ ಹೈದರಾಬಾದಿನಿಂದ, ಅವನು ನಮ್ಮ ಡ್ರಮ್ಮರ್, ಒಂದು ಮೆಸೇಜ್ ಬಂತು: "ಬಿಲ್ ಬಂದಿದಾನೆ, ನೋಡಿದ್ರಾ?"

ಹೌದು, ಬಿಲ್ ಬಂದಿದ್ದ. ಎಪ್ಪತ್ತೇಳು ವರ್ಷ, ಹಾಡು ಮುಂದೆ ಹೋದ ಹಾಗೆ ಶರ್ಟ್ ಬಿಚ್ಚಿ ಬಾರಿಸ್ತಿದ್ದ. ಆ ನಾಲ್ವರು ಒಟ್ಟಿಗೆ ನುಡಿಸಿದ್ದು 2005ರ ನಂತರ ಅದೇ ಮೊದಲು. ಓಜಿ ಕಪ್ಪು ಸಿಂಹಾಸನದಲ್ಲಿ ಕೂತೇ ಹಾಡಿದ. ನಾಲ್ಕೇ ಹಾಡು, ಕೊನೆಯದು 'ಪ್ಯಾರನಾಯ್ಡ್'. ಧ್ವನಿ ಅಲ್ಲಲ್ಲಿ ಜಾರಿತು, ಲಯ ಅಲ್ಲಲ್ಲಿ ತೂಗಾಡಿತು. ಎಂಜಿನಿಯರ್ ಕಿವಿಯಲ್ಲಿ ಕೇಳಿದರೆ 2017ರದ್ದೇ ಉತ್ತಮ. ಆದರೆ 2017ರದ್ದನ್ನ ನಾನು ಒಮ್ಮೆ ನೋಡಿ ಬಿಟ್ಟೆ, ಇದನ್ನ ಐದಾರು ಸಲ ನೋಡಿದೀನಿ.

ನೋಡಿದಾಗೆಲ್ಲ ಕಣ್ಣು ಹೋಗೋದು ಹಾಡು ಮುಗಿದ ಮೇಲಿನ ಆ ಒಂದೆರಡು ನಿಮಿಷಕ್ಕೆ. ಸಾಮಾನ್ಯವಾಗಿ ನಾಲ್ವರೂ ಹೆಗಲ ಮೇಲೆ ಕೈ ಹಾಕಿ, ತಲೆ ಬಾಗಿಸಿ ಹೋಗಬೇಕು. ಆದರೆ ಓಜಿ ಏಳೋ ಹಾಗಿಲ್ಲ. ಆಮೇಲೆ ಗೀಜರ್ ಬರೆದುಕೊಂಡರು: ಆ ಗಳಿಗೆ ಹೇಗಿರಬೇಕು ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಹಾಡುಗಳ ರಿಹರ್ಸಲ್ ಆಗಿತ್ತು, ವಿದಾಯದ್ದು ಆಗಿರಲಿಲ್ಲ. ಟೋನಿ ಹೋಗಿ ಓಜಿಯ ಕೈ ಕುಲುಕಿದರು. ಗೀಜರ್ ಒಂದು ಕೇಕ್ ಕೊಟ್ಟರು. ಐವತ್ತೇಳು ವರ್ಷದ ಕಥೆ, ಮುಗಿದಿದ್ದು ಹಾಗೆ. ತೆರೆಮರೆಯಲ್ಲಿ ಓಜಿ ಜೊತೆ ಇನ್ನಷ್ಟು ಹೊತ್ತು ಸಿಕ್ಕಿದ್ದರೆ ಚೆನ್ನಾಗಿತ್ತು ಅಂತಲೂ ಗೀಜರ್ ಬರೆದಿದ್ದಾರೆ. ನಮ್ಮ ಪ್ಯಾಂಟ್ರಿ ಕೇಕಿನ ಮುಂದೆ ಪೇಪರ್ ಪ್ಲೇಟ್ ಹಿಡಿದು ಏನು ಮಾತಾಡಬೇಕು ಅಂತ ತೋಚದೆ ನಿಲ್ತೀವಲ್ಲ, ಆ ಮುಜುಗರವನ್ನ ನಾನು ಐಟಿಯವರ ಖಾಸಗಿ ಆಸ್ತಿ ಅಂದುಕೊಂಡಿದ್ದೆ.

ಹದಿನೇಳು ದಿನಕ್ಕೆ, ಜುಲೈ 22ರಂದು, ಓಜಿ ತೀರಿಕೊಂಡ. 30ನೇ ತಾರೀಕು ಬರ್ಮಿಂಗ್‌ಹ್ಯಾಮ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ ಶವವಾಹನ ಸಾಗುವಾಗ ಊರಿನ ಒಂದು ಬ್ರಾಸ್ ಬ್ಯಾಂಡ್ ಸಬ್ಬತ್ ಹಾಡುಗಳನ್ನ ಊದುತ್ತಾ ಮುಂದೆ ನಡೀತು. ಅದೇ ಬೀದಿಯ ಸೇತುವೆಗೆ ಬ್ಯಾಂಡಿನ ಹೆಸರಿದೆ, ಅಲ್ಲೊಂದು ಬೆಂಚು, ಅದರ ಮೇಲೆ ನಾಲ್ವರ ಮುಖ. ಬೆಂಚಿನ ಸುತ್ತ ಜನ ಹೂ ರಾಶಿ ಹಾಕಿದ್ದರು.

ನಮ್ಮ ಗ್ರೂಪ್‌ನಲ್ಲಿ ಅವತ್ತಿಂದ ಒಂದು ಚರ್ಚೆ ನಡೀತಿದೆ, ದೀಪಾವಳಿ ರಜೆಯಲ್ಲಿ ನಾಲ್ವರೂ ಹುಬ್ಬಳ್ಳಿಯಲ್ಲಿ ಸೇರೋದು ಅಂತ. ನೋಯ್ಡಾದವನಿಗೆ ಆನ್‌ಕಾಲ್ ಇದೆಯಂತೆ. ಸ್ವಾಪ್ ಮಾಡಿಸಿಕೋ ಅಂದಿದೀವಿ, ನೋಡೋಣ.

ಸಬ್ಬತ್ ಕೇಳೇ ಇಲ್ಲ ಅನ್ನೋರು ಕೊನೆಯ ಶೋಯಿಂದ ಶುರು ಮಾಡಬೇಡಿ. 1970ರ ಮೊದಲ ಆಲ್ಬಂನ ಮೊದಲ ಹಾಡು, ರಾತ್ರಿ, ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಆರಂಭದಲ್ಲಿ ಮಳೆ ಸುರಿಯುತ್ತೆ, ದೂರದಲ್ಲಿ ಚರ್ಚಿನ ಗಂಟೆ ಹೊಡೆಯುತ್ತೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದೀನಿ ಅಂತ ಎದ್ದು ಓಡಬೇಡಿ, ಆ ಮಳೆ ರೆಕಾರ್ಡಿನೊಳಗೇ ಇದೆ.